ಆಸ್ಟ್ರೇಲಿಯಾದ ಗುಡ್ಡದ ಮೇಲೆ ಮನೆ ಮಾಡುವವರಿಗೆ: ಮೊದಲ ವರ್ಷ ಏನೇನು ಮಾಡಬೇಕು

ಮೆಲ್ಬೋರ್ನ್ ಬಿಟ್ಟು ಆಗ್ನೇಯಕ್ಕೆ ಸುಮಾರು ಎರಡು ಗಂಟೆ ಕಾರು ಓಡಿಸಿದರೆ ಸ್ಟ್ರೆಜ್‌ಲೆಕಿ ಬೆಟ್ಟಸಾಲು ಸಿಗುತ್ತದೆ. ವಿಕ್ಟೋರಿಯಾ ರಾಜ್ಯದ ಸೌತ್ ಗಿಪ್ಸ್‌ಲ್ಯಾಂಡ್ ಪ್ರದೇಶ ಅದು. ಹಸಿರು ಗುಡ್ಡಗಳು, ಮೇಯುವ ಹಾಲಿನ ದನಗಳು, ಕಣಿವೆಯಲ್ಲಿ ಆಳೆತ್ತರದ ಜರೀಗಿಡಗಳು, ಬೆಳಿಗ್ಗೆ ಹತ್ತಾದರೂ ಬಿಡದ ಮಂಜು. ತೀರ್ಥಹಳ್ಳಿ ಕಡೆಯವನಾದ ನನಗೆ ಮೊದಲ ಸಲ ನೋಡಿದಾಗಲೇ ಊರು ಕಣ್ಮುಂದೆ ಬಂತು. ಇಲ್ಲಿ ಇಂಬಳ ಕೂಡ ಇದೆ! ಮಿರ್ಬೂ ನಾರ್ತ್ ಊರಿನ ಹತ್ತಿರ ಹನ್ನೆರಡು ಎಕರೆ ಕೊಂಡು ಬಂದು ಆರು ವರ್ಷವಾಯಿತು.

ಹೀಗೆ ಪೇಟೆ ಬಿಟ್ಟು ಗುಡ್ಡಕ್ಕೆ ಬರಬೇಕು ಅಂತ ಯೋಚಿಸುವ ಕನ್ನಡದ ಕುಟುಂಬಗಳು ಈಗ ಆಗಾಗ ಫೋನ್ ಮಾಡುತ್ತವೆ. ಎಲ್ಲರಿಗೂ ಮೊದಲು ಹೇಳುವ ಮಾತು ಒಂದೇ. ಈ ನೆಲ ಮಲೆನಾಡಿನ ಹಾಗೆ ಕಾಣುತ್ತದೆ, ಆದರೆ ಹಾಗೆ ನಡೆದುಕೊಳ್ಳುವುದಿಲ್ಲ. ಊರಲ್ಲಿ ಕಲಿತ ಕೆಲವು ಅಭ್ಯಾಸ ಇಲ್ಲಿ ಕೈ ಹಿಡಿಯುತ್ತವೆ. ಕೆಲವು ಪ್ರಾಣಕ್ಕೇ ಕುತ್ತು ತರುತ್ತವೆ. ಯಾವುದು ಯಾವುದು ಅಂತ ಗೊತ್ತಾಗಲು ಒಂದು ವರ್ಷ ಬೇಕು. ಆ ವರ್ಷವನ್ನು ಹೇಗೆ ಕಳೆಯಬೇಕು ಅಂತ ಇಲ್ಲಿ ಬರೆಯುತ್ತೇನೆ.

ಕೊಳ್ಳುವ ಮೊದಲು: ಮಳೆಯಲ್ಲಿ ಒಂದು ಸಲ ನೋಡಿ

ಜಾಗ ಮಾರುವವರು ವಸಂತದಲ್ಲಿ, ಅಂದರೆ ಅಕ್ಟೋಬರ್ ಹೊತ್ತಿಗೆ ತೋರಿಸುತ್ತಾರೆ. ಆಗ ಎಲ್ಲವೂ ಚೆಂದ. ನೀವು ಜುಲೈ ಅಥವಾ ಆಗಸ್ಟ್‌ನಲ್ಲಿ, ಮೂರು ದಿನ ಮಳೆ ಸುರಿದ ಮೇಲೆ ಹೋಗಿ. ನೀರು ಎಲ್ಲಿಂದ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಇಳಿಜಾರು ರಸ್ತೆಯಲ್ಲಿ ಕಾರು ಹತ್ತುತ್ತದಾ ಅಂತ ಆಗಲೇ ತಿಳಿಯುವುದು.

ಈ ಬೆಟ್ಟಗಳಲ್ಲಿ ಒಂದು ಕಾಲಕ್ಕೆ ಮೌಂಟನ್ ಆಶ್ ಮರಗಳ ದಟ್ಟ ಕಾಡಿತ್ತು. ಹೂ ಬಿಡುವ ಗಿಡಮರಗಳಲ್ಲಿ ಜಗತ್ತಿನಲ್ಲೇ ಅತಿ ಎತ್ತರಕ್ಕೆ ಬೆಳೆಯುವುದು ಇದೇ ಜಾತಿ. 19ನೇ ಶತಮಾನದ ಕೊನೆಯಲ್ಲಿ ಬಂದ ವಲಸಿಗರು ಅದನ್ನು ಕಡಿದು ಹುಲ್ಲುಗಾವಲು ಮಾಡಿದರು. ಬೇರು ಹೋದ ಇಳಿಜಾರು ಇವತ್ತಿಗೂ ಜಾರುತ್ತಿರುತ್ತದೆ. ಧರೆ ಕುಸಿತ ನಮಗೆ ಹೊಸದಲ್ಲ, ಅಲ್ವಾ? ಗುರುತುಗಳೂ ಅವೇ. ಹುಲ್ಲಿನ ಮೇಲೆ ಮೆಟ್ಟಿಲಿನಂಥ ಉಬ್ಬು, ಒಂದೇ ಕಡೆ ವಾಲಿದ ಬೇಲಿಕಂಬ, ಬಿರುಕು ಬಿಟ್ಟ ಗೋಡೆ. ಇವು ಕಂಡರೆ ಮಣ್ಣಿನ ಎಂಜಿನಿಯರ್ ಒಬ್ಬರಿಗೆ ತೋರಿಸದೆ ಸಹಿ ಹಾಕಬೇಡಿ.

ವಿಕ್‌ಪ್ಲ್ಯಾನ್ ಅನ್ನುವ ಸರ್ಕಾರಿ ತಾಣದಲ್ಲಿ ವಿಳಾಸ ಹಾಕಿದರೆ ಆ ಜಾಗಕ್ಕೆ ಯಾವ ನಿಯಮಗಳಿವೆ ಅಂತ ಉಚಿತವಾಗಿ ವರದಿ ಸಿಗುತ್ತದೆ. ಕಾಡ್ಗಿಚ್ಚಿನ ಓವರ್‌ಲೇ (ಹೆಚ್ಚುವರಿ ನಿಯಮದ ವಲಯ) ಇದೆಯಾ, ಮಣ್ಣು ಸವಕಳಿಯದ್ದು ಇದೆಯಾ, ಮರ ಕಡಿಯಲು ಅನುಮತಿ ಬೇಕಾ ಅಂತ ಅದರಲ್ಲಿ ನೋಡಿ. ಮಾರುವವರು ಕೊಡುವ, ಜಾಗದ ವಿವರ ಇರುವ ಸೆಕ್ಷನ್ 32 ಕಾಗದವನ್ನು ಲಾಯರ್ ಕೈಲಿ ಓದಿಸಿ. ವಿಮೆ ಎಷ್ಟಾಗುತ್ತದೆ ಅಂತ ಸಹಿಗೆ ಮೊದಲೇ ಕೇಳಿ. ಇನ್ನೊಂದು ವಿಷಯ: ಬೆಂಕಿ ಆರಿಸುವ ಗಾಡಿ ಮನೆಯವರೆಗೆ ಬರುತ್ತದಾ? ದಾರಿ ಕನಿಷ್ಠ 3.5 ಮೀಟರ್ ಅಗಲ ಇರಬೇಕು, ಮೇಲೆ 4 ಮೀಟರ್ ಎತ್ತರದವರೆಗೆ ಕೊಂಬೆ ಇರಬಾರದು. ಗಾಡಿ ತಿರುಗಿಸಲು ಜಾಗವೂ ಬೇಕು.

ಬಿಸಿಲು ಬರುವ ದಿಕ್ಕು

ಇದು ಹೇಳಲು ಸಣ್ಣದು, ಆದರೆ ಮನೆಯಲ್ಲಿ ಬದುಕುವಾಗ ದೊಡ್ಡದು. ಊರಲ್ಲಿ ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. ಇಲ್ಲಿ ಉತ್ತರಕ್ಕೆ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಇಲ್ಲಿಯ ಚಳಿಗಾಲವಾದ ಜೂನ್, ಜುಲೈಯಲ್ಲಿ ದಿನವಿಡೀ ಒದ್ದೆಯಾಗಿರುತ್ತದೆ. ಬಟ್ಟೆ ಒಣಗುವುದಿಲ್ಲ, ತರಕಾರಿ ಬರುವುದಿಲ್ಲ. ಹಾಗಾಗಿ ಎಲ್ಲರೂ ಉತ್ತರದ ಇಳಿಜಾರು ಹುಡುಕುತ್ತಾರೆ. ಆದರೆ ಬೇಸಿಗೆಯ ಕೆಟ್ಟ ದಿನಗಳಲ್ಲಿ ಒಳನಾಡಿನ ಬಿಸಿಗಾಳಿ ಬರುವುದೂ ಉತ್ತರದಿಂದಲೇ. ಬೆಂಕಿ ಗುಡ್ಡ ಹತ್ತುವಾಗ ಇಳಿಜಾರು ಪ್ರತಿ 10 ಡಿಗ್ರಿ ಹೆಚ್ಚಿದಂತೆ ಅದರ ವೇಗ ಸುಮಾರು ಎರಡರಷ್ಟಾಗುತ್ತದೆ. ಅಂದರೆ ಬಿಸಿಲಿಗೆ ಒಳ್ಳೆಯ ಮುಖವೇ ಬೆಂಕಿಗೂ ಎದುರಾಗುವ ಮುಖ. ಮನೆಯ ಕೆಳಗೆ ಉತ್ತರದ ಕಡೆ ಕಾಡಿದ್ದರೆ ನಾನಾದರೆ ಆ ಜಾಗ ಕೊಳ್ಳುವುದಿಲ್ಲ.

ನೀರಿನ ಲೆಕ್ಕ

ಊರಾಚೆ ಕಾರ್ಪೊರೇಷನ್ನಿನ ನಲ್ಲಿನೀರು ಇಲ್ಲ. ಚಾವಣಿಯ ಮಳೆನೀರೇ ಕುಡಿಯಲು, ಸ್ನಾನಕ್ಕೆ, ಎಲ್ಲಕ್ಕೂ. ಈ ಭಾಗದಲ್ಲಿ ವರ್ಷಕ್ಕೆ ಸುಮಾರು 1000 ಮಿಲಿಮೀಟರ್ ಮಳೆ. ಆಗುಂಬೆಯ 7000 ನೋಡಿದವರಿಗೆ ಇದು ಏನೂ ಅಲ್ಲ. ಆದರೆ ಇದು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುವುದಿಲ್ಲ, ವರ್ಷವಿಡೀ ಸ್ವಲ್ಪ ಸ್ವಲ್ಪ ಬರುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಮಾತ್ರ ಕೈ ಬಿಗಿ ಹಿಡಿಯುತ್ತದೆ.

ಒಂದು ಚದರ ಮೀಟರ್ ಚಾವಣಿ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 200 ಚದರ ಮೀಟರ್ ಮನೆಗೆ ವರ್ಷಕ್ಕೆ 2 ಲಕ್ಷ ಲೀಟರ್. ಹರಿದುಹೋದದ್ದು, ಆವಿಯಾದದ್ದು ಕಳೆದರೆ 1.6 ಲಕ್ಷ ಅಂತಿಟ್ಟುಕೊಳ್ಳಿ. ನಾಲ್ಕು ಜನ ದಿನಕ್ಕೆ ತಲಾ 100 ಲೀಟರ್ ಬಳಸಿದರೆ 1.46 ಲಕ್ಷ ಅಲ್ಲೇ ಖರ್ಚು. ಗಿಡಕ್ಕೆ, ಕೋಳಿಗೆ, ಬೆಂಕಿಗೆ ಹೆಚ್ಚೇನೂ ಉಳಿಯದು. ಅದಕ್ಕೇ ಶೆಡ್ಡಿನ ಚಾವಣಿಗೂ ದೋಣಿ (ಮಳೆನೀರು ಹರಿಯುವ ಗಟರ್) ಹಾಕಿಸಿ ಇನ್ನೊಂದು ಟ್ಯಾಂಕಿಗೆ ಬಿಡಿ. ಬೆಂಕಿಗಾಗಿ ಕನಿಷ್ಠ 10,000 ಲೀಟರ್ ಪ್ರತ್ಯೇಕ ಇರಲಿ. ಬೆಂಕಿ ಗಾಡಿಯ ಪೈಪ್ ಕೂರುವ ಜೋಡಣೆಯೂ ಅದಕ್ಕಿರಲಿ. ಪ್ಲಾಸ್ಟಿಕ್ ಟ್ಯಾಂಕ್ ಬೆಂಕಿಗೆ ಕರಗುತ್ತದೆ. ಕಾಂಕ್ರೀಟ್ ಅಥವಾ ಉಕ್ಕಿನದು ಒಳ್ಳೆಯದು.

ಚಾವಣಿ ಮೇಲೆ ಪಾಸಮ್ ಅನ್ನುವ ಮರವಾಸಿ ಪ್ರಾಣಿಯ, ಹಕ್ಕಿಗಳ ಹಿಕ್ಕೆ ಬೀಳುತ್ತದೆ. ಮೊದಲ ಮಳೆಯ ನೀರನ್ನು ಆಚೆ ಬಿಡುವ ಸಾಧನ ಮತ್ತು ಕುಡಿಯುವ ನೀರಿಗೆ ಯುವಿ ಫಿಲ್ಟರ್ ಹಾಕಿಸಿ. ಗುಡ್ಡದ ಮೇಲೆ ಜಾಗ ಇದ್ದರೆ ಒಂದು ಟ್ಯಾಂಕನ್ನು ಮನೆಗಿಂತ ಎತ್ತರದಲ್ಲಿ ಇಡಿ. ಕರೆಂಟು ಹೋದಾಗ ಪಂಪು ನಿಲ್ಲುತ್ತದೆ, ಆಗ ಅಬ್ಬಿ ನೀರಿನ ಹಾಗೆ ತಾನಾಗಿ ಇಳಿದು ಬರುವ ನೀರೊಂದೇ ದಿಕ್ಕು. ಊರಲ್ಲಿ ಗುಡ್ಡದಿಂದ ಪೈಪ್ ಎಳೆದು ನೀರು ತಂದವರಿಗೆ ಈ ಕೆಲಸ ಹೇಳಿಕೊಡಬೇಕಾಗಿಲ್ಲ.

ಇಲ್ಲಿಯವರು ‘ಡ್ಯಾಮ್’ ಅಂದರೆ ದೊಡ್ಡ ಅಣೆಕಟ್ಟೆ ಅಂದುಕೊಳ್ಳಬೇಡಿ. ನಮ್ಮ ಕಡೆಯ ಕೃಷಿ ಹೊಂಡ ಅದು. ಮಕ್ಕಳಿದ್ದರೆ ಅದಕ್ಕೆ ಮೊದಲು ಬೇಲಿ ಹಾಕಿ, ಉಳಿದದ್ದು ಆಮೇಲೆ. ಸೆಪ್ಟಿಕ್ ಟ್ಯಾಂಕ್ ಬಗ್ಗೆ ಒಂದೇ ಮಾತು: ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ.

ಬೆಂಕಿ: ಇದಕ್ಕೆ ಜಾಸ್ತಿ ಸಮಯ ಕೊಡಿ

2009ರ ಫೆಬ್ರವರಿ 7ರ ಶನಿವಾರ ವಿಕ್ಟೋರಿಯಾದಲ್ಲಿ ಒಂದೇ ದಿನದ ಕಾಡ್ಗಿಚ್ಚುಗಳಿಗೆ 173 ಜನ ಬಲಿಯಾದರು. ಆ ಪೈಕಿ 11 ಜನ ಸತ್ತದ್ದು ಇದೇ ಬೆಟ್ಟಸಾಲಿನಲ್ಲಿ, ಚರ್ಚಿಲ್ ಊರಿನ ಬಳಿ ಹೊತ್ತಿದ ಬೆಂಕಿಯಿಂದ. ಇಲ್ಲಿಯ ಹಳಬರು ಆ ದಿನದ ಮಾತು ಬಂದರೆ ದನಿ ತಗ್ಗಿಸುತ್ತಾರೆ. ಹಸಿರು ನೋಡಿ ಮೋಸ ಹೋಗಬೇಡಿ ಅಂತ ನಾನು ಹೇಳುವುದು ಇದಕ್ಕೇ. ಮಲೆನಾಡಿನ ಕಾಡು ಸಾಮಾನ್ಯವಾಗಿ ನೆಲದ ಮೇಲೆ ಉರಿಯುತ್ತದೆ. ಇಲ್ಲಿ ನೀಲಗಿರಿ ಜಾತಿಯ ಮರಗಳ ಎಲೆಯಲ್ಲಿ ಎಣ್ಣೆ ಇದೆ, ತೊಗಟೆ ಪಟ್ಟಿ ಪಟ್ಟಿಯಾಗಿ ಸುಲಿದು ಜೋತಾಡುತ್ತದೆ. ಅದು ಹೊತ್ತಿದ ಕಿಡಿಯಾಗಿ ಕಿಲೋಮೀಟರ್‌ಗಟ್ಟಲೆ ಹಾರುತ್ತದೆ. ಮನೆಗಳು ಸುಡುವುದು ಹೆಚ್ಚಾಗಿ ಬೆಂಕಿಯ ಗೋಡೆ ಬಂದು ಅಪ್ಪಳಿಸಿ ಅಲ್ಲ, ಇಂಥ ಕಿಡಿ ದೋಣಿಯ ಒಣ ಎಲೆಗೆ ಬಿದ್ದು.

ಊರಿನ ಎರಡು ಅಭ್ಯಾಸಗಳನ್ನು ಇಲ್ಲಿ ಬಿಡಲೇಬೇಕು. ಒಂದು, ಸೌದೆಯನ್ನು ಮನೆಗೋಡೆಗೆ ಒತ್ತಿ ಒಟ್ಟುವುದು. ಎರಡು, ದರಗನ್ನು (ಒಣ ಎಲೆಯನ್ನು) ಗಿಡದ ಬುಡಕ್ಕೆ ದಪ್ಪವಾಗಿ ಹರಡುವುದು. ನಾನು ಎರಡನ್ನೂ ಮೊದಲ ಚಳಿಗಾಲದಲ್ಲೇ ಮಾಡಿದ್ದೆ. ನವೆಂಬರ್‌ನಲ್ಲಿ ನೋಡಲು ಬಂದ ಪಕ್ಕದ ಜಮೀನಿನ ಹಿರಿಯರು ಅವತ್ತೇ ನನ್ನ ಜೊತೆ ನಿಂತು ಸೌದೆಯನ್ನೆಲ್ಲ ಬೇರೆ ಕಡೆ ಸಾಗಿಸಿದರು.

ನವೆಂಬರ್ ಮುಗಿಯುವುದರೊಳಗೆ ಹುಲ್ಲು ಸವರಿಸಿ. ಅಕ್ಟೋಬರ್‌ನ ಮಳೆಗೆ ಅದು ಮೊಣಕಾಲು ದಾಟಿರುತ್ತದೆ, ಡಿಸೆಂಬರ್‌ನಲ್ಲಿ ಒಣಗಿ ಹಳದಿಯಾಗುತ್ತದೆ. ದೋಣಿ ಸ್ವಚ್ಛ ಮಾಡಿ. ಡೆಕ್ (ಮರದ ಜಗಲಿ) ಕೆಳಗೆ, ಕಿಟಕಿ ಹತ್ತಿರ ಉರಿಯುವಂಥದ್ದು ಏನೂ ಬೇಡ. ನಾರಿನ ಕಾಲೊರಸು ಕೂಡ ಎತ್ತಿಡಿ. ಮನೆಯಿಂದ ಎಷ್ಟು ದೂರದವರೆಗೆ ಗಿಡ, ಮರ ತೆಗೆಯಬಹುದು ಅನ್ನುವುದಕ್ಕೆ ನಿಯಮ ಇದೆ. ಸ್ಥಳೀಯ ಆಡಳಿತವಾದ ಕೌನ್ಸಿಲ್‌ನವರನ್ನು ಕೇಳಿಯೇ ಕೊಡಲಿ ಎತ್ತಿ.

2022ರ ಸೆಪ್ಟೆಂಬರ್‌ನಿಂದ ದೇಶಕ್ಕೆಲ್ಲ ಒಂದೇ ಬೆಂಕಿ ಸೂಚನೆ ಇದೆ. ಮಾಡರೇಟ್, ಹೈ, ಎಕ್ಸ್‌ಟ್ರೀಮ್, ಕ್ಯಾಟಸ್ಟ್ರೋಫಿಕ್ ಅಂತ ನಾಲ್ಕು ಮಟ್ಟ. ಕ್ಯಾಟಸ್ಟ್ರೋಫಿಕ್ ಅಂದರೆ ಯಾವ ಮನೆಯನ್ನೂ ನಂಬಿ ಕೂರಬಾರದು. ನಮ್ಮ ಮನೆಯ ಕಟ್ಟಳೆ ಹೀಗಿದೆ: ಎಕ್ಸ್‌ಟ್ರೀಮ್ ಅಂತ ಹಿಂದಿನ ದಿನ ಸೂಚನೆ ಬಂದರೆ ಬೆಳಿಗ್ಗೆ ಎಂಟರೊಳಗೆ ಮೆಲ್ಬೋರ್ನ್‌ನ ಗೆಳೆಯರ ಮನೆಗೆ ಹೊರಡುವುದು. ಕ್ಯಾಟಸ್ಟ್ರೋಫಿಕ್ ಆದರೆ ಹಿಂದಿನ ರಾತ್ರಿಯೇ. ಹೊಗೆ ಕಂಡಮೇಲೆ ನೋಡೋಣ ಅನ್ನುವ ಮಾತೇ ಇಲ್ಲ. ಹೊಗೆಯಲ್ಲಿ ಗುಡ್ಡದ ದಾರಿ ಕಾಣುವುದಿಲ್ಲ, ಒಂದು ಮರ ಬಿದ್ದರೆ ಮುಗಿಯಿತು. ಆರು ವರ್ಷದಲ್ಲಿ ಹೀಗೆ ಹಲವು ಸಲ ಹೋಗಿದ್ದೇವೆ. ಪ್ರತಿ ಸಲವೂ ಏನೂ ಆಗದೆ ಮನೆ ಹಾಗೇ ಇತ್ತು. ಮುಂದಿನ ಸಲವೂ ಹೋಗುತ್ತೇವೆ.

ಚೀಲ ಡಿಸೆಂಬರ್‌ನಲ್ಲೇ ಕಟ್ಟಿಡಿ. ಪಾಸ್‌ಪೋರ್ಟ್, ಜಮೀನು ಕಾಗದ, ಔಷಧಿ, ನೀರು, ಉಣ್ಣೆ ಕಂಬಳಿ. ಹಾಕಿಕೊಳ್ಳುವುದು ಹತ್ತಿ ಅಥವಾ ಉಣ್ಣೆಯ ಉದ್ದ ಬಟ್ಟೆ. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಫೋನಿನಲ್ಲಿ ವಿಕ್‌ಎಮರ್ಜೆನ್ಸಿ ಆಪ್ ಹಾಕಿ, ಮನೆಯ ಸುತ್ತ ಎಚ್ಚರಿಕೆಯ ವಲಯ ಗುರುತಿಸಿ. ಅದರ ಸಹಾಯವಾಣಿ 1800 226 226. ಬ್ಯಾಟರಿ ರೇಡಿಯೋ ಒಂದಿರಲಿ. ತುರ್ತು ಸುದ್ದಿ ಎಬಿಸಿ ಗಿಪ್ಸ್‌ಲ್ಯಾಂಡ್ ಬಾನುಲಿಯಲ್ಲಿ ಬರುತ್ತಲೇ ಇರುತ್ತದೆ.

ದೀಪಾವಳಿಗೆ ಪೇಟೆಯಿಂದ ನೆಂಟರು ಬರುತ್ತಾರೆ. ಪರವಾನಗಿ ಇಲ್ಲದೆ ಪಟಾಕಿ ಹೊಡೆಯುವುದು ವಿಕ್ಟೋರಿಯಾದಲ್ಲಿ ಅಪರಾಧ. ಇದನ್ನು ಅವರು ಹೊರಡುವ ಮೊದಲೇ ಹೇಳಿಬಿಡಿ.

ಇಲ್ಲಿ ಮೊದಲೇ ಇರುವವರು

ಈ ನೆಲದ ಮೂಲ ಜನ ಗುನೈಕುರ್ನೈ ಮತ್ತು ಬುನುರಾಂಗ್ ಸಮುದಾಯದವರು. ಪ್ರಾಣಿಗಳು ಅವರಿಗಿಂತಲೂ ಹಿಂದಿನವು. ವಿಕ್ಟೋರಿಯಾದಲ್ಲಿ 1975ರ ವನ್ಯಜೀವಿ ಕಾಯ್ದೆ ಸ್ಥಳೀಯ ಪ್ರಾಣಿಗಳಿಗೆ ರಕ್ಷಣೆ ಕೊಟ್ಟಿದೆ. ಹಾವೂ ಅದರಲ್ಲಿ ಸೇರಿದೆ. ನಿಮ್ಮ ಜಮೀನು, ನಿಮ್ಮ ಬೇಲಿ ಅನ್ನುವುದು ಇಲ್ಲಿ ನಡೆಯುವುದಿಲ್ಲ. ತೊಂದರೆ ತೀರಾ ಹೆಚ್ಚಾದರೆ ಸರ್ಕಾರದ ಅನುಮತಿ ಕೇಳಬೇಕು.

ನಾನು ತುಂಬಾ ಹಚ್ಚಿಕೊಂಡಿರುವುದು ವೊಂಬ್ಯಾಟನ್ನು. ಗಿಡ್ಡ ಕಾಲಿನ, ಹಂದಿಮರಿಯಷ್ಟು ದಪ್ಪದ, ರಾತ್ರಿ ಹುಲ್ಲು ಮೇಯುವ ಪ್ರಾಣಿ. ಅದರ ಹಿಕ್ಕೆ ಚೌಕಾಕಾರ! ಅದಕ್ಕೊಂದು ದಾರಿ ಇರುತ್ತದೆ. ಆ ದಾರಿಗೆ ಬೇಲಿ ಅಡ್ಡ ಬಂದರೆ ಬೇಲಿಯ ಅಡಿಯಲ್ಲೇ ತೂರಿ ಹೋಗುತ್ತದೆ. ಮುಚ್ಚಿದರೆ ನಾಳೆ ಮತ್ತೆ ತೂತು. ಇದಕ್ಕೆ ಇಲ್ಲಿಯ ರೈತರು ಕಂಡುಕೊಂಡ ಉಪಾಯ ವೊಂಬ್ಯಾಟ್ ಗೇಟು. ಬೇಲಿಯಲ್ಲಿ ಅದು ಓಡಾಡುವ ಕಡೆಯೇ ಮೇಲಿನಿಂದ ತೂಗುಬಿಟ್ಟ ಭಾರದ ಬಾಗಿಲು. ವೊಂಬ್ಯಾಟ್ ತಲೆಯಿಂದ ನೂಕಿ ಹೋಗುತ್ತದೆ, ಮೊಲಕ್ಕೆ ಅಷ್ಟು ಶಕ್ತಿ ಇಲ್ಲ. ನಾವು ಮೂರು ಕಡೆ ಹಾಕಿದ ಮೇಲೆ ಬೇಲಿ ರಿಪೇರಿ ನಿಂತೇ ಹೋಯಿತು. ವೊಂಬ್ಯಾಟಿನ ಕೂದಲು ಉದುರಿ, ಚರ್ಮ ಹಕ್ಕಳೆಗಟ್ಟಿ, ಹಗಲು ಹೊತ್ತು ಅಲೆಯುತ್ತಿದ್ದರೆ ಅದಕ್ಕೆ ಮ್ಯಾಂಜ್ ಅನ್ನುವ ಕಜ್ಜಿ ರೋಗ. ನೋವಿನಿಂದ ಸಾಯುತ್ತದೆ. ಚಿಕಿತ್ಸೆ ಇದೆ, ತಡ ಮಾಡದೆ ವೈಲ್ಡ್‌ಲೈಫ್ ವಿಕ್ಟೋರಿಯಾ ಸಂಸ್ಥೆಗೆ ತಿಳಿಸಿ.

ಬೇಲಿ ಹಾಕುವಾಗ ಮೇಲಿನ ತಂತಿ ಮುಳ್ಳಿಲ್ಲದ್ದು ಇರಲಿ. ಮರದಿಂದ ಮರಕ್ಕೆ ತೇಲುವ ಗ್ಲೈಡರ್ ಪ್ರಾಣಿ, ಬಾವಲಿ, ಜಿಗಿಯುವ ವಾಲಬಿ (ಸಣ್ಣ ಕಾಂಗರೂ) ಸಿಕ್ಕಿಕೊಳ್ಳುವುದು ಅಲ್ಲೇ. ಹಣ್ಣಿನ ಮರಕ್ಕೆ ಹಾಕುವ ಬಲೆಗೂ ಕಾನೂನು ಇದೆ. 2021ರ ಸೆಪ್ಟೆಂಬರ್‌ನಿಂದ ಮನೆ ತೋಟದ ಬಲೆಯ ಕಣ್ಣು ಎಳೆದು ಹಿಡಿದಾಗ 5 ಮಿಲಿಮೀಟರ್‌ಗಿಂತ ದೊಡ್ಡದಿರಬಾರದು. ಬೆರಳು ತೂರಿದರೆ ಆ ಬಲೆ ಬೇಡ.

ಕಾಂಗರೂ, ವಾಲಬಿಗಳ ಸಹವಾಸ ಜಾಸ್ತಿ ಇರುವುದು ರಸ್ತೆಯಲ್ಲಿ. ಮುಸ್ಸಂಜೆ, ನಸುಕು ಎರಡೂ ಹೊತ್ತು ವೇಗ ತಗ್ಗಿಸಿ. ಅಡ್ಡ ಬಂದರೆ ಸ್ಟೀರಿಂಗ್ ತಿರುಗಿಸಬೇಡಿ, ನೇರವಾಗಿ ಬ್ರೇಕ್ ಹಾಕಿ. ಗುಡ್ಡದ ರಸ್ತೆಯಲ್ಲಿ ತಿರುಗಿಸಿದವರು ಮರಕ್ಕೋ ಕಣಿವೆಗೋ ಹೋಗುತ್ತಾರೆ. ಒಂದು ದಾಟಿದರೆ ಹಿಂದೆ ಇನ್ನೊಂದು ಇರುತ್ತದೆ. ಸತ್ತದ್ದು ಹೆಣ್ಣಾಗಿದ್ದರೆ ಹೊಟ್ಟೆಯ ಚೀಲದಲ್ಲಿ ಮರಿ ಬದುಕಿರಬಹುದು. ಮೊಲೆತೊಟ್ಟು ಕಚ್ಚಿಕೊಂಡಿದ್ದರೆ ಎಳೆಯಬೇಡಿ, ದನದ ಹಾಲು ಕುಡಿಸಬೇಡಿ. ವೈಲ್ಡ್‌ಲೈಫ್ ವಿಕ್ಟೋರಿಯಾಕ್ಕೆ 03 8400 7300ಗೆ ಫೋನ್ ಮಾಡಿ, ಅವರು ಹೇಳಿದಂತೆ ಮಾಡಿ. ಹೊರಗಿರುವ ಮರಿಯನ್ನು ಬೆಚ್ಚಗಿನ ಬಟ್ಟೆಯಲ್ಲಿ ಸುತ್ತಿ ಕತ್ತಲಲ್ಲಿ ಇಟ್ಟರೆ ಅರ್ಧ ಜೀವ ಉಳಿಸಿದಂತೆ.

ಚಾವಣಿಯೊಳಗೆ ಪಾಸಮ್ ಸೇರಿಕೊಂಡರೆ ಹಿಡಿದು ದೂರದ ಕಾಡಿಗೆ ಬಿಟ್ಟುಬರುವುದು ಇಲ್ಲಿ ತಪ್ಪು. ಹಿಡಿದ ಜಾಗದಿಂದ 50 ಮೀಟರ್ ಒಳಗೆ, ಅದೇ ಜಮೀನಿನಲ್ಲಿ ಬಿಡಬೇಕು. ಹೊಸ ಜಾಗದಲ್ಲಿ ಅದು ಬದುಕುವುದು ಕಷ್ಟ. ರಾತ್ರಿ ಅದು ಮೇಯಲು ಹೋದಾಗ ತೂತು ಮುಚ್ಚಿ, ಮರದಲ್ಲಿ ಒಂದು ಪೆಟ್ಟಿಗೆ ಕಟ್ಟಿ. ಮ್ಯಾಗ್‌ಪೈ ಹಕ್ಕಿಗಳು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಗೂಡಿನ ಹತ್ತಿರ ತಲೆಗೆ ಎರಗುತ್ತವೆ. ಮಕ್ಕಳು ಸೈಕಲ್ ಇಳಿದು ನಡೆಯಲಿ, ಕೆಲವು ವಾರ ಬೇರೆ ದಾರಿ ಹಿಡಿಯಲಿ.

ಕೋಳಿಗೆ ಶತ್ರು ಇಲ್ಲಿಯ ಪ್ರಾಣಿಯಲ್ಲ, ಯೂರೋಪಿನಿಂದ ತಂದ ನರಿ. ಸೂರ್ಯ ಮುಳುಗುವ ಹೊತ್ತಿಗೆ ಗೂಡು ಮುಚ್ಚಲೇಬೇಕು, ಒಂದು ದಿನವೂ ತಪ್ಪದೆ.

ಈ ಬೆಟ್ಟದ ಕೊವಾಲಾಗಳಿಗೆ ಒಂದು ವಿಶೇಷ ಇದೆ. ವಿಕ್ಟೋರಿಯಾದ ಬೇರೆ ಕಡೆ ಬೇಟೆಯಿಂದ ಅಳಿದಮೇಲೆ ದ್ವೀಪಗಳಿಂದ ತಂದು ಬಿಟ್ಟವುಗಳ ಸಂತತಿಯೇ ಹೆಚ್ಚು. ಸ್ಟ್ರೆಜ್‌ಲೆಕಿಯಲ್ಲಿ ಮಾತ್ರ ಹಳೆಯ ವಂಶ ಉಳಿದುಕೊಂಡಿತು. ನಿಮ್ಮ ಜಮೀನಿನ ದೊಡ್ಡ ಗಮ್ ಮರ (ನೀಲಗಿರಿ ಜಾತಿಯದು) ಕಡಿಯುವ ಮುನ್ನ ತಲೆಯೆತ್ತಿ ನೋಡಿ. ಇನ್ನು ಪಶ್ಚಿಮಕ್ಕೆ, ಕೊರಂಬರಾ, ಲಾಕ್ ಊರುಗಳ ಕಡೆ ಜಾಗ ಕೊಂಡರೆ ಒದ್ದೆ ಇಳಿಜಾರಿನಲ್ಲಿ ನಡೆಯುವಾಗ ಕಾಲಡಿ ಗುಳುಗುಳು ಸದ್ದು ಬರಬಹುದು. ಅದು ಗಿಪ್ಸ್‌ಲ್ಯಾಂಡ್‌ನ ದೈತ್ಯ ಎರೆಹುಳು, ಒಂದು ಮೀಟರ್ ಉದ್ದದ್ದು. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅಲ್ಲಿ ಬಸಿಗಾಲುವೆ ತೋಡುವ ಮೊದಲು ಕೌನ್ಸಿಲ್‌ನವರನ್ನು ಕೇಳಿ.

ಹಾವು ಕಚ್ಚಿದರೆ

ಇಲ್ಲಿ ಟೈಗರ್ ಹಾವು, ಕಾಪರ್‌ಹೆಡ್ ಎರಡೂ ಇವೆ. ಎರಡೂ ವಿಷದವು. ಹೊಂಡದ ಕಪ್ಪೆಗೆ, ಕೋಳಿಕಾಳಿನ ಇಲಿಗೆ ಬರುತ್ತವೆ. ಆದರೂ ಹೆದರಿ ಕಂಗಾಲಾಗಬೇಡಿ. ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸಾಯುತ್ತಾರೆ ಅಂತ ಅಂದಾಜಿದೆ. ಆಸ್ಟ್ರೇಲಿಯಾದಲ್ಲಿ ಎರಡು ಮೂರು ಜನ. ಬೂಟು, ಬೇಗ ಸಿಗುವ ಆಸ್ಪತ್ರೆ, ಸರಿಯಾದ ಪ್ರಥಮ ಚಿಕಿತ್ಸೆ ಇವುಗಳಿಂದ ಆದ ವ್ಯತ್ಯಾಸ ಅದು. ಕೋಲು ಹಿಡಿದು ಹೊಡೆಯಲು ಹೋಗಬೇಡಿ. ಪರವಾನಗಿ ಇರುವ ಹಾವು ಹಿಡಿಯುವವರ ನಂಬರ್ ಇಟ್ಟುಕೊಳ್ಳಿ.

ಕಚ್ಚಿದರೆ ಅಲ್ಲೇ ಮಲಗಿಸಿ, ನಡೆಸಬೇಡಿ. ತುರ್ತು ಸಂಖ್ಯೆ 000ಗೆ ಫೋನ್ ಮಾಡಿ. ಗಾಯ ತೊಳೆಯಬೇಡಿ, ಕೊಯ್ಯಬೇಡಿ, ಹಗ್ಗ ಬಿಗಿಯಬೇಡಿ. ಅಗಲದ ಎಲಾಸ್ಟಿಕ್ ಬ್ಯಾಂಡೇಜನ್ನು ಮೊದಲು ಕಚ್ಚಿದ ಜಾಗಕ್ಕೆ ಸುತ್ತಿ. ಆಮೇಲೆ ಇನ್ನೊಂದನ್ನು ಬೆರಳ ತುದಿಯಿಂದ ಶುರುಮಾಡಿ ಇಡೀ ಕೈ ಅಥವಾ ಕಾಲಿಗೆ ಮೇಲಿನವರೆಗೆ ಸುತ್ತಿ. ಕಾಲು ಉಳುಕಿದಾಗ ಕಟ್ಟುವಷ್ಟು ಬಿಗಿ ಸಾಕು. ಕಚ್ಚಿದ ಜಾಗವನ್ನು ಬ್ಯಾಂಡೇಜ್ ಮೇಲೆ ಪೆನ್ನಿನಲ್ಲಿ ಗುರುತು ಮಾಡಿ. ಒಂದು ಹಲಗೆ ಕಟ್ಟಿ ಅಲುಗಾಡದಂತೆ ಮಾಡಿ. ಈ ವಿಧಾನವನ್ನು 1970ರ ದಶಕದಲ್ಲಿ ರೂಪಿಸಿದವರು ಮೆಲ್ಬೋರ್ನ್‌ನ ವೈದ್ಯ ಸ್ಟ್ರೂವನ್ ಸದರ್ಲ್ಯಾಂಡ್. ಬ್ಯಾಂಡೇಜ್ ಮನೆಯಲ್ಲಿ, ಕಾರಿನಲ್ಲಿ, ಶೆಡ್ಡಿನಲ್ಲಿ ಇರಲಿ. ಮಕ್ಕಳ ಕೈಯಲ್ಲಿ ಒಂದು ಭಾನುವಾರ ಸುತ್ತಿಸಿ ಅಭ್ಯಾಸ ಮಾಡಿಸಿ. ರೆಡ್‌ಬ್ಯಾಕ್ ಜೇಡ ಕಚ್ಚಿದರೆ ಮಾತ್ರ ಬ್ಯಾಂಡೇಜ್ ಬೇಡ. ಐಸ್ ಇಟ್ಟು ವಿಷ ಮಾಹಿತಿ ಕೇಂದ್ರದ 13 11 26ಕ್ಕೆ ಫೋನ್ ಮಾಡಿ.

ಎಮರ್ಜೆನ್ಸಿ ಪ್ಲಸ್ ಆಪ್ ಇದ್ದರೆ ನೀವು ನಿಂತ ಜಾಗ ನಿಖರವಾಗಿ ಹೇಳಬಹುದು. ಹಳ್ಳಿಯ ಮನೆ ನಂಬರಿಗೂ ಅರ್ಥ ಇದೆ. 480 ಅಂದರೆ ರಸ್ತೆ ಶುರುವಾದಲ್ಲಿಂದ 4.8 ಕಿಲೋಮೀಟರ್. ಆ ನಂಬರನ್ನು ಗೇಟಿನಲ್ಲಿ ರಾತ್ರಿಯೂ ಕಾಣುವಂತೆ ಹಾಕಿ.

ಯಂತ್ರ, ದನ, ಹುಲ್ಲು

ಇಳಿಜಾರಿನಲ್ಲಿ ಹಾವಿಗಿಂತ ಅಪಾಯ ನಾಲ್ಕು ಚಕ್ರದ ಕ್ವಾಡ್ ಬೈಕಿನದ್ದು. ಮಗುಚಿ ಮೇಲೆ ಬೀಳುತ್ತದೆ. 2021ರ ಅಕ್ಟೋಬರ್‌ನಿಂದ ಮಾರಾಟವಾಗುವ ಹೊಸ ಬೈಕುಗಳಿಗೆ ಸವಾರನನ್ನು ಕಾಪಾಡುವ ಚೌಕಟ್ಟು ಕಡ್ಡಾಯ. ಹಳೆಯದು ಅಗ್ಗಕ್ಕೆ ಸಿಕ್ಕರೆ ಚೌಕಟ್ಟು ಹಾಕಿಸದೆ ಓಡಿಸಬೇಡಿ. ಮಕ್ಕಳನ್ನು ಹತ್ತಿಸಲೇಬೇಡಿ.

ಮೊದಲ ವರ್ಷವೇ ದನ ತರಬೇಡಿ. ಹುಲ್ಲು ಮೇಯಿಸಲು ನೆರೆಯವರ ದನ ಬಿಟ್ಟುಕೊಳ್ಳಿ. ಇದಕ್ಕೆ ಅಜಿಸ್ಟ್‌ಮೆಂಟ್ ಅಂತಾರೆ. ಹುಲ್ಲು ಕಡಿಮೆಯಾಗಿ ಬೆಂಕಿಯ ಭಯವೂ ತಗ್ಗುತ್ತದೆ, ನಿಮಗೆ ದನ ನೋಡುವುದೂ ತಿಳಿಯುತ್ತದೆ. ಆಮೇಲೆ ಒಂದೇ ಒಂದು ಹಸು ಅಥವಾ ಆಡು ತಂದರೂ ಜಮೀನಿಗೆ ಪಿಐಸಿ ಅನ್ನುವ ಗುರುತಿನ ಸಂಖ್ಯೆ ಮಾಡಿಸಬೇಕು. ದುಡ್ಡೇನೂ ಇಲ್ಲ.

ನೆರೆಹೊರೆ

ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ಮುಚ್ಚಿ ಹೋಗಿ. ಎದುರು ಗಾಡಿಯವರು ಸ್ಟೀರಿಂಗ್ ಮೇಲಿನಿಂದ ಒಂದು ಬೆರಳು ಎತ್ತುತ್ತಾರೆ, ನೀವೂ ಎತ್ತಿ. ಸ್ವಯಂಸೇವಕರ ಬೆಂಕಿ ದಳವಾದ ಸಿಎಫ್‌ಎ, ನೆಲ, ಗಿಡ ಕಾಯುವ ಲ್ಯಾಂಡ್‌ಕೇರ್ ಗುಂಪು, ಇವೆರಡರ ಸಭೆಗೆ ಮೊದಲ ತಿಂಗಳಲ್ಲೇ ಹೋಗಿ. ‘ಬ್ರಿಂಗ್ ಎ ಪ್ಲೇಟ್’ ಅಂತ ಕರೆದರೆ ಏನಾದರೂ ತಿಂಡಿ ಮಾಡಿ ತನ್ನಿ ಅಂತ ಅರ್ಥ. ನಮ್ಮ ಮನೆಯವರು ಚಿತ್ರಾನ್ನ ಒಯ್ದಿದ್ದರು. ಈಗ ಅದನ್ನೇ ಕೇಳುತ್ತಾರೆ.

2024ರ ಫೆಬ್ರವರಿ 13ರಂದು ಮಿರ್ಬೂ ನಾರ್ತ್‌ಗೆ ಭಾರಿ ಬಿರುಗಾಳಿ ಅಪ್ಪಳಿಸಿತು. ರಾಜ್ಯದಲ್ಲಿ ಐದು ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟು ಹೋಯಿತು. ನಮ್ಮಲ್ಲಿ ದಾರಿಗೆ ಮರ ಬಿತ್ತು, ಮೊಬೈಲ್ ಕೂಡ ಹೋಯಿತು. ನಾವು ಯಾರನ್ನೂ ಕರೆಯುವ ಹಾಗಿರಲಿಲ್ಲ. ಮಾರನೇ ಬೆಳಿಗ್ಗೆ ಗರಗಸದ ಸದ್ದು ಕೇಳಿ ಹೋಗಿ ನೋಡಿದರೆ ಸೌದೆ ಸಾಗಿಸಿದ್ದ ಅದೇ ಹಿರಿಯರು, ಜೊತೆಗೆ ಅವರ ಮಗ. ಅರ್ಧ ಮರ ಆಗಲೇ ಕತ್ತರಿಸಿ ಬದಿಗಿಟ್ಟಿದ್ದರು.

ನೆರೆಯವರ ಹೆಸರು, ನಂಬರ್ ಕಾಗದದ ಮೇಲೆ ಬರೆದು ಫ್ರಿಜ್ಜಿಗೆ ಅಂಟಿಸಿ. ಪಕ್ಕದಲ್ಲೇ ಪ್ರತಿ ಮನೆಗೆ ಎಷ್ಟು ನಿಮಿಷದ ನಡಿಗೆ, ಯಾವ ಗೇಟಿನಿಂದ ಹತ್ತಿರ, ಯಾರ ಹತ್ತಿರ ಜನರೇಟರ್ ಇದೆ ಅಂತಲೂ ಬರೆದಿಡಿ.